ಸಹಾಯ ಬೇಕು: ಶೋರೀಲ್‌ಗೆ ಹಾಲ್, ಮತ್ತು ಉಮ್ಮತ್ತಾಟ್ ಬಲ್ಲವರ ಸಲಹೆ

ನಮಸ್ಕಾರ. ಕೊರಿಯೋಗ್ರಫಿಯನ್ನೇ ವೃತ್ತಿ ಮಾಡಿಕೊಳ್ಳಲು ಹೊರಟಿರುವ ಇಬ್ಬರು ಹುಡುಗಿಯರಿಗೆ ಮೂರು ನಿಮಿಷದ ಶೋರೀಲ್ (ತಮ್ಮ ಕೆಲಸ ತೋರಿಸುವ ಕಿರು ವಿಡಿಯೊ) ಚಿತ್ರೀಕರಿಸಬೇಕಿದೆ. ಮಡಿಕೇರಿ, ವಿರಾಜಪೇಟೆ, ಕುಶಾಲನಗರ, ಎಲ್ಲಾದರೂ ಸರಿ, ಎರಡು ದಿನಕ್ಕೆ ಹಾಲ್ ಬೇಕು: 30 ಅಡಿ ಉದ್ದ, 20 ಅಡಿ ಅಗಲ, ಮರದ ನೆಲವಾದರೆ ಬಹಳ ಒಳ್ಳೆಯದು. ಸಿಮೆಂಟಿನ ಮೇಲೆ ಗಂಟೆಗಟ್ಟಲೆ ಹಾರಿದರೆ ಮುಂಗಾಲ ಮೂಳೆ ನೋಯುತ್ತದೆ. ಟೈಲ್ಸ್ ನಮ್ಮ ಮಳೆಗಾಲದಲ್ಲಿ ಬೆವರಿ ಜಾರುತ್ತದೆ.

ಮುಖ್ಯ ತೊಡಕು ಬೇರೆ. ಅದರಲ್ಲಿ ಉಮ್ಮತ್ತಾಟ್ (ಕೊಡವ ಹೆಂಗಸರು ಕೈಯಲ್ಲಿ ಕಂಚಿನ ತಾಳ ಹಿಡಿದು ವೃತ್ತದಲ್ಲಿ ಆಡುವ ಕುಣಿತ) ಆಧರಿಸಿದ ಎಂಟು ಜನರ ಭಾಗವಿದೆ. ವೃತ್ತದಲ್ಲೇ ಆಡಿದರೆ ವೇದಿಕೆಯ ಮುಂದೆ ಕೂತವರಿಗೆ ನಾಲ್ವರ ಬೆನ್ನು ಮಾತ್ರ ಕಾಣುತ್ತದೆ. ವೃತ್ತವನ್ನು ಕುದುರೆ ಲಾಳದ ಹಾಗೆ ಮುಂದಕ್ಕೆ ತೆರೆದರೆ ಮುಖಗಳೇನೋ ಕಾಣುತ್ತವೆ, ಆದರೆ ತುದಿಯಲ್ಲಿರುವ ಇಬ್ಬರು ಮತ್ತೆ ವೃತ್ತ ಸೇರಲು ಉದ್ದ ಹೆಜ್ಜೆ ಹಾಕಬೇಕು, ಅಲ್ಲಿ ತಾಳದ ಪೆಟ್ಟು ತಪ್ಪುತ್ತಿದೆ. ಎಂಟರ ಬದಲು ಹದಿನಾರು ಎಣಿಕೆ ಕೊಟ್ಟರೆ ಓಟ ಸತ್ತುಹೋಗುತ್ತದೆ. ಬಾಗುವ, ತಾಳ ತಟ್ಟುವ ಕ್ರಮ ಕೆಡದಂತೆ ತೆರೆಯುವುದು ಹೇಗೆ? ಈ ಕುಣಿತ ಬಲ್ಲ ಅಕ್ಕಂದಿರು, ಅವ್ವಂದಿರು ಒಮ್ಮೆ ಬಂದು ನೋಡಿದರೆ ದೊಡ್ಡ ಉಪಕಾರ. ಅವರು ಬೇಡವೆಂದ ಬದಲಾವಣೆ ಕೈಬಿಡುತ್ತೇವೆ.

ಟ್ರೈಪಾಡ್ ಇರುವ ಕ್ಯಾಮೆರಾದವರೂ ಬೇಕು. ಪಾದದಿಂದ ತಲೆವರೆಗೆ ಕಾಣುವ ಒಂದೇ ದೂರದ ಶಾಟ್, ಕಟ್ ಇಲ್ಲದೆ. ಆಯ್ಕೆ ಮಾಡುವವರು ನೋಡುವುದೇ ಕುಣಿತದ ಜೋಡಣೆಯನ್ನು. ಸ್ಪೀಕರ್‌ಗೆ ತಂತಿ ಹಾಕಲೇಬೇಕು. ಬ್ಲೂಟೂತ್‌ನಲ್ಲಿ ಹಾಡು ತುಸು ತಡವಾಗಿ ಕೇಳುತ್ತದೆ, ಎಡಿಟಿಂಗ್‌ನಲ್ಲಿ ಮೂಲ ಹಾಡು ಕೂರಿಸಿದಾಗ ಎಲ್ಲರ ಹೆಜ್ಜೆಯೂ ಹಿಂದೆ ಬಿದ್ದಂತೆ ಕಾಣಬಹುದು.

ಬಾಡಿಗೆ, ಪ್ರಯಾಣದ ಖರ್ಚು ಕೊಡುತ್ತೇವೆ. ದಯವಿಟ್ಟು ಮೆಸೇಜ್ ಮಾಡಿ.