ಅಪ್‌ಡೇಟ್: ಮುಂಬೈ ಲೋಕಲ್ ರೈಲಿನಲ್ಲಿ ಸಾಂಬಾರ್ ಚೆಲ್ಲಿದ ದುಪಟ್ಟಾ
ಡೊಂಬಿವಲಿ ಲೋಕಲ್‌ನ ನೂಕುನುಗ್ಗಲಲ್ಲಿ ನನ್ನ ಊಟದ ಡಬ್ಬಿ ತೆರೆದುಕೊಂಡು, ಪಕ್ಕದವರ ಬಿಳಿ ಕಾಟನ್ ದುಪಟ್ಟಾ ಮೇಲೆ ಸಾಂಬಾರ್ ಚೆಲ್ಲಿತ್ತು. ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ. ತೊಳೆದು ಕೊಡುತ್ತೇನೆ ಅಂತ ಮನೆಗೆ ತಂದು, ಅರಿಶಿನದ ಕಲೆ ತೆಗೆಯುವುದು ಹೇಗೆ ಎಂದು ನಿಮ್ಮನ್ನು ಕೇಳಿದ್ದೆ. ಕಲೆ ಪೂರ್ತಿ ಹೋಯಿತು!

ಸೋಪು ಹಾಕಿದ ಕೂಡಲೇ ಹಳದಿ ಕಲೆ ಕೆಂಪಾಯಿತು. ಎದೆ ಧಸಕ್ಕೆಂದಿತು. ಆದರೆ ಅದು ಅರಿಶಿನದ ಗುಣ. ಸೋಪಿನ ಕ್ಷಾರ ತಾಗಿದರೆ ಕೆಂಪು, ಹುಳಿ ತಾಗಿದರೆ ಮತ್ತೆ ಹಳದಿ. ಹಾಗಾಗಿ ನಿಂಬೆರಸದಿಂದ ಬಣ್ಣ ಬದಲಾಯಿತು ಅಷ್ಟೆ, ಕಲೆ ಅಲ್ಲೇ ಇತ್ತು.

ಕೆಲಸ ಮಾಡಿದ್ದು, ಒದ್ದೆ ಇರುವಾಗಲೇ ಬಿಸಿಲಿಗೆ ಹಾಕಿ ಎಂದು ನಿಮ್ಮಲ್ಲೊಬ್ಬ ಅಕ್ಕ ಕೊಟ್ಟ ಸಲಹೆ. ಅರಿಶಿನದ ಬಣ್ಣಕ್ಕೆ ಕಾರಣವಾದ ಕರ್ಕ್ಯುಮಿನ್ ಬೆಳಕಿಗೆ ಒಡೆದುಹೋಗುತ್ತದಂತೆ. ಜಿಡ್ಡು ತೆಗೆದು ಕಿಟಕಿ ಗ್ರಿಲ್ ಮೇಲೆ ಹರಡಿದೆ, ಸಾಕಾಯಿತು. ಬ್ಲೀಚ್ ಮುಟ್ಟಲೇ ಇಲ್ಲ. ಅಕ್ಕಾ, ತುಂಬಾ ಥ್ಯಾಂಕ್ಸ್!