ಕುಚ್ಚಿನ ಡಬ್ಬಿಗಳೆಲ್ಲ ಅಂಟಂಟು, ಜರಿ ಕಪ್ಪು. ಏನು ಮಾಡೋದು?

ಕುಚ್ಚುಮನೆ:
ಕೈಕೆಲಸಕ್ಕೆ ಅಂತ ಒಂದು ರೂಮು ಮಾಡಿಕೊಂಡೆ, ಈಗ ಅದರೊಳಗೆ ಕಾಲಿಡೋಕೂ ಬೇಜಾರು. ಯುಗಾದಿಗೆ ಮುಂಚೆ ಎಲ್ಲ ಹೊರಗೆ ಹಾಕಿ ಹೊಸದಾಗಿ ಜೋಡಿಸಿದ್ದೆ. ಮಣಿ ಬೇರೆ, ಚಮ್ಕಿ ಬೇರೆ, ದಾರ ಬಣ್ಣದ ಪ್ರಕಾರ, ಎಲ್ಲವೂ ಒಂದೇ ಸೈಜಿನ ಗಾಜಿನಂಥ ಖಾನೆ ಡಬ್ಬಿಗಳಲ್ಲಿ. ಈಗ ತೆಗೆದರೆ ಮುಚ್ಚಳ ಕಚ್ಚಿಕೊಂಡಿದೆ, ಒಳಗೆಲ್ಲ ಮಬ್ಬು, ಮಣಿಗಳು ಖಾನೆಯ ಗೋಡೆಗೆ ಅಂಟಿ ಕೂತಿವೆ, ಉಗುರಲ್ಲಿ ಕಿತ್ತರೆ ಪ್ಲಾಸ್ಟಿಕ್‌ನಲ್ಲಿ ಮಣಿಯ ಅಚ್ಚು ಹಾಗೇ ಉಳಿಯುತ್ತದೆ. ಜರಿ ಉಂಡೆಗಳೂ ಅಲ್ಲಲ್ಲಿ ಕಪ್ಪು. ಮದುವೆ ಸೀರೆಗಳು ಕಾಯುತ್ತಿವೆ. ರೂಮು ಬದಲಿಸಲಾ, ಇಲ್ಲ ಅರ್ಧ ಸಾಮಾನು ಎಸೆದುಬಿಡಲಾ?

ಬಾಬಿನ್ ಭಟ್ರು:
ತೇವ. ಬೇರೇನಿಲ್ಲ. ಡಬ್ಬಿಗೊಂದು ಸಿಲಿಕಾ ಜೆಲ್ ಪೊಟ್ಟಣ ಹಾಕಿ. ನೀಲಿ ಕಾಳಿನದ್ದಾದರೆ ತೇವ ಹೀರಿದ ಮೇಲೆ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ, ಆಗ ಓವನ್‌ನಲ್ಲಿ 120 ಡಿಗ್ರಿ ಹತ್ತಿರ ಒಣಗಿಸಿದರೆ ಮತ್ತೆ ಕೆಲಸಕ್ಕೆ ಬರುತ್ತದೆ.

ಹುಬ್ಬಳ್ಳಿ ಹೊಲಿಗೆ:
ಅಲ್ರೀ ಅಕ್ಕಾ, ಊರು ಯಾವುದು ಅಂತ ಹೇಳಲೇ ಇಲ್ಲ. ನಮ್ಮ ಕಡೆ ಇದೇ ಥರದ ಡಬ್ಬಿ ವರ್ಷಗಟ್ಟಲೆ ಏನೂ ಆಗಿಲ್ಲ.

ಕುಚ್ಚುಮನೆ:
ಕುಂದಾಪುರ. ಸಮುದ್ರದ ಗಾಳಿ ನೇರ ಕಿಟಕಿಗೆ. ಆದರೆ ಸಿಲಿಕಾ ಆಗಲೇ ಹಾಕಿದ್ದೇನೆ ಭಟ್ರೇ.

ಬಾಬಿನ್ ಭಟ್ರು:
ಹಾಗಾದರೆ ಕಮ್ಮಿ ಹಾಕಿದ್ದೀರಿ. ಕರಾವಳಿ ಅಂದಮೇಲೆ ಡಬಲ್ ಹಾಕಬೇಕು. ಮುಚ್ಚಳದ ಸಂದಿಗೆ ಟೇಪ್ ಸುತ್ತಿ. ನನ್ನ ಹಳೇ ಕಾಲ್ತುಳಿ ಮೆಷಿನ್ನಿನ ಬಾಬಿನ್ ಕೇಸು ಸಿಲಿಕಾ ಜೊತೆಗೇ ಇಟ್ಟಿದ್ದೇನೆ, ಇವತ್ತಿಗೂ ಕನ್ನಡಿ ಹಾಗಿದೆ.

ಮಣಿಮಾಲೆ:
ತೇವ ಆಮೇಲೆ ನೋಡೋಣ, ಮೊದಲು ಸಾಮಾನು ಕಮ್ಮಿ ಮಾಡಿ. ಒಂದು ವರ್ಷ ಮುಟ್ಟದ್ದನ್ನು ಕಣ್ಣುಮುಚ್ಚಿ ಕೊಟ್ಟುಬಿಡಿ. ನಾನು ಹಾಗೇ ಮಾಡಿ ಗೋಡೆ ತುಂಬ ಪೆಗ್‌ಬೋರ್ಡ್, ಅಂದರೆ ಕೊಕ್ಕೆ ಸಿಕ್ಕಿಸೋ ತೂತುಗಳಿರೋ ಹಲಗೆ, ಹಾಕಿಸಿದೆ. ಕತ್ತರಿ, ಆರಿ ಸೂಜಿ, ಗ್ಲೂ ಗನ್ನು, ಎಲ್ಲಾ ಕಣ್ಣೆದುರಿಗೇ.

ಹುಬ್ಬಳ್ಳಿ ಹೊಲಿಗೆ:
ಕುಚ್ಚು ಹಾಕೋರಿಗೆ ಆ ಒಂದು ವರ್ಷದ ಲೆಕ್ಕ ನಡೆಯಂಗಿಲ್ಲರೀ. ಇಳಕಲ್ ಸೆರಗಿನ ಕೆಂಪೇ ಒಂದು, ರೇಷ್ಮೆ ಸೀರೆಯ ಕೆಂಪೇ ಒಂದು. ಇವತ್ತು ಎಸೆದ ಬಣ್ಣವನ್ನೇ ನಾಳೆ ಗಿರಾಕಿ ಕೇಳ್ತಾಳೆ. ಉಳಿದ ದಾರ ರಟ್ಟಿಗೆ ಸುತ್ತಿ, ತುದಿಯನ್ನು ರಟ್ಟಿನ ಸೀಳಿಗೆ ಸಿಕ್ಕಿಸಿ, ಯಾವ ಸೀರೆಗೆ ಬಳಸಿದ್ದು ಅಂತ ಪೆನ್ಸಿಲ್‌ನಲ್ಲಿ ಬರೆದಿಡಿ. ಎಸೆಯೋದಾದರೆ ಗಂಟುಬಿದ್ದ ದಾರ, ಕಲೆಬಿದ್ದ ಚಮ್ಕಿ ಎಸೀರಿ.

ಮಣಿಮಾಲೆ:
ಹಾಗೆ ಕೂಡಿಡುತ್ತಾ ಹೋದರೆ ಮಲಗೋಕೂ ಜಾಗ ಇರಲ್ಲ, ನಮ್ಮ ಅಮ್ಮನ ಮನೆ ನೋಡಿದ್ದೇನೆ. ಪೆಗ್‌ಬೋರ್ಡ್ ಫೋಟೋ ಹಾಕಲಾ?

ಶಿರಸಿ ಸೂಜಿ:
ಒಂದು ನಿಮಿಷ. ತೇವಕ್ಕೆ ಪ್ಲಾಸ್ಟಿಕ್ ಕರಗಲ್ಲ ಭಟ್ರೇ. ಕುಚ್ಚುಮನೆಯವರೇ, ಡಬ್ಬಿಯ ತಳದಲ್ಲಿ ತ್ರಿಕೋನದೊಳಗೆ ಯಾವ ಅಂಕೆ ಇದೆ ನೋಡಿ. ಮತ್ತೆ, ಆ ಬೀರುವಿನಲ್ಲಿ ನುಸಿಗುಳಿಗೆ ಇದೆಯಾ?

ಕುಚ್ಚುಮನೆ:
ಅಂಕೆ 6. ನುಸಿಗುಳಿಗೆ ಇಲ್ಲದೆ ಇರುತ್ತಾ, ಗಿರಾಕಿಗಳ ರೇಷ್ಮೆ ಸೀರೆ ಇಡೋ ಬೀರು ಅಲ್ವಾ! ಡಬ್ಬಿಗಳಿಗೂ ಒಂದೊಂದು ಹಾಕಿದ್ದೇನೆ. ಅದನ್ನೂ ಹೇಳಬೇಕಿತ್ತಾ?

ಶಿರಸಿ ಸೂಜಿ:
ಅದೇ ಕಾರಣ. 6 ಅಂದರೆ ಪಾಲಿಸ್ಟೈರೀನ್. ಗಾಜಿನ ಹಾಗೆ ಹೊಳೆಯುತ್ತೆ, ಬೆರಳಲ್ಲಿ ಬಡಿದರೆ ಟಣ್ ಅನ್ನುತ್ತೆ, ಬಿದ್ದರೆ ಚೂರು. ಗುಳಿಗೆ ನ್ಯಾಫ್ತಲೀನ್ ಆಗಿರಲಿ, ಡೈಕ್ಲೋರೋಬೆಂಜೀನ್ ಆಗಿರಲಿ, ಅದರ ಆವಿ ಈ ಪ್ಲಾಸ್ಟಿಕ್ಕನ್ನು ಮೆತ್ತಗೆ ಮಾಡುತ್ತದೆ. ಮುಚ್ಚಿದ ಡಬ್ಬಿಯಲ್ಲಿ ಆವಿ ಹೊರಗೆ ಹೋಗಲ್ಲ, ಸುಮ್ನೆ ಕೂತು ಕೆಲಸ ಮಾಡುತ್ತೆ. ಈ ಡಬ್ಬಿಗಳು ಇನ್ನು ಸರಿಹೋಗಲ್ಲ. ಗಾಜಿನ ಮಣಿಗಳನ್ನು ಬಿಡಿಸಿ, ಸೋಪುನೀರಲ್ಲಿ ತೊಳೆದು ಒಣಗಿಸಿ. ಮೆತ್ತಗಾದ ಪ್ಲಾಸ್ಟಿಕ್ ಮುತ್ತಿದ್ದರೆ ಬಿಟ್ಟುಬಿಡಿ. ಹೊಸದು ತಗೊಳ್ಳುವಾಗ ತಳದಲ್ಲಿ 5 ಇರೋದು ನೋಡಿ, ಪಾಲಿಪ್ರೊಪಿಲೀನ್, ಸ್ವಲ್ಪ ಹಾಲುಬಿಳಿ, ಬಾಗಿಸಿದರೆ ಬಾಗುತ್ತೆ. ಇಲ್ಲ ಹಾರ್ಲಿಕ್ಸ್ ಗಾಜಿನ ಬಾಟಲಿ, ಅದಕ್ಕಿಂತ ಒಳ್ಳೇದು ಇಲ್ಲ.

ಬಾಬಿನ್ ಭಟ್ರು:
ಡಬ್ಬಿ ಸರಿ, ಒಪ್ಪಿದೆ ಅಂತಲೇ ಇಟ್ಟುಕೊಳ್ಳಿ. ಜರಿ ಕಪ್ಪಾಗಿದ್ದು ಮಾತ್ರ ತೇವಕ್ಕೇ.

ಶಿರಸಿ ಸೂಜಿ:
ಯಾವ ಜರಿ ಅಂತ ಅವರು ಇನ್ನೂ ಹೇಳಿಲ್ಲ. ಪ್ಲಾಸ್ಟಿಕ್ ಜರಿ ಹೀಗೆ ಕಪ್ಪಾಗಲ್ಲ. ಬೆಳ್ಳಿ ಅಥವಾ ತಾಮ್ರದ ಎಳೆ ಇದ್ದರೆ ಆಗುತ್ತೆ. ಕಪ್ಪು ಎಲ್ಲಾ ಕಡೆ ಇದೆಯಾ, ಗೆರೆ ಹಾಗಾ?

ಕುಚ್ಚುಮನೆ:
ಟೆಸ್ಟೆಡ್ ಜರಿ. ಗೆರೆ ಹಾಗೇ, ಉಂಡೆಯ ನಡುವೆ. ಬಿಚ್ಚಿಹೋಗದಿರಲಿ ಅಂತ ರಬ್ಬರ್ ಬ್ಯಾಂಡ್ ಹಾಕಿದ್ದೆ.

ಶಿರಸಿ ಸೂಜಿ:
ರಬ್ಬರ್‌ನಲ್ಲಿ ಗಂಧಕ ಇರುತ್ತದೆ. ಟೆಸ್ಟೆಡ್ ಜರಿಯ ಒಳಗಿರೋದು ತಾಮ್ರ, ಗಂಧಕ ತಾಗಿದರೆ ಕಪ್ಪು. ತೇವ ಇದ್ದರೆ ಇನ್ನೂ ಬೇಗ, ಅಲ್ಲಿಗೆ ಭಟ್ರ ಮಾತೂ ಅರ್ಧ ಸರಿ. ಬ್ಯಾಂಡ್ ತೆಗೆದು ಹತ್ತಿ ದಾರ ಕಟ್ಟಿ, ಕಪ್ಪಾದ ಸುತ್ತುಗಳನ್ನು ಕತ್ತರಿಸಿ ಹಾಕಿ, ಒಳಗಿನದು ಚೆನ್ನಾಗಿದ್ದರೆ ಬಳಸಿ. ಜರಿ ಸೀರೆಗೂ ನುಸಿಗುಳಿಗೆ ತಾಗಿಸಬೇಡಿ. ಬಿಳಿ ಹತ್ತಿಬಟ್ಟೆಯಲ್ಲಿ ಸುತ್ತಿ, ಆಗಾಗ ಮಡಿಕೆ ಬದಲಿಸಿ ಗಾಳಿಗೆ ಹಾಕಿ. ನಮ್ಮನೇಲಿ ಬಜೆ ಬೇರು ಗಂಟು ಕಟ್ಟಿ ಇಡುತ್ತಾರೆ.

ಬಾಬಿನ್ ಭಟ್ರು:
ಅರ್ಧ ಅಲ್ಲ, ಮುಕ್ಕಾಲು.

ಕುಚ್ಚುಮನೆ:
ಗುಳಿಗೆ ಎಲ್ಲ ಹೊರಗೆ ಹಾಕಿದೆ. ಅತ್ತೆ ಮುಖ ದಪ್ಪ ಮಾಡಿಕೊಂಡಿದ್ದಾರೆ, ಇರಲಿ. 5 ನಂಬರಿನ ಖಾನೆ ಡಬ್ಬಿ ಇಲ್ಲಿ ಅಂಗಡಿಯಲ್ಲಿ ಸಿಗುತ್ತಿಲ್ಲ. ಸಿಗೋವರೆಗೆ ಮಣಿಗಳನ್ನು ಸ್ಟೀಲ್ ಮಸಾಲೆ ಡಬ್ಬಿಗೆ ಹಾಕುತ್ತೇನೆ.

ಹುಬ್ಬಳ್ಳಿ ಹೊಲಿಗೆ:
ಮಸಾಲೆ ಡಬ್ಬಿ ಬಟ್ಟಲಿಗೆ ಬೇರೆ ಮುಚ್ಚಳ ಇರಂಗಿಲ್ಲ ನೋಡ್ರಿ ಅಕ್ಕಾ. ಒಂದು ಸಲ ಕೈ ಜಾರಿದರೆ ಸಾಸಿವೆ ಮಣಿ ಎಲ್ಲ ಕಲಸಿ ಹೋಗ್ತದೆ.

ಮಣಿಮಾಲೆ:
ಪೆಗ್‌ಬೋರ್ಡಿಗೆ ಚಿಕ್ಕ ಬಾಟಲಿ ಸಿಕ್ಕಿಸೋ ಕೊಕ್ಕೆ ಸಿಗುತ್ತೆ. ಫೋಟೋ ಹಾಕಿದ್ದೇನೆ, ಎಡಗಡೆ ಮೇಲಿನ ಸಾಲು ನೋಡಿ.

ಬಾಬಿನ್ ಭಟ್ರು:
ಫೋಟೋ ತೆರೆಯುತ್ತಿಲ್ಲ. ಬೋರ್ಡು ಎಂಡಿಎಫ್ ತಾನೇ, ಮರದ ನಾರು ಒತ್ತಿ ಮಾಡಿದ್ದು? ಕುಂದಾಪುರದ ಮಳೆಗೆ ಅದು ಉಬ್ಬುತ್ತೆ.