ಬಾಡಿಗೂ ಮುಂಚೆ ಲೆನ್ಸ್ ನೋಡಿ

ಸುಜಾತಾ, ನಿನ್ನ ಮೆಸೇಜು ಈಗ ನೋಡಿದೆ. ಪ್ರಣವ ತನ್ನ ನಿಕಾನ್ ಡಿ5600 ಕ್ಯಾಮೆರಾ ಮಾರಿ ನಿಕಾನ್ ಝಡ್5 ತಗೋತೀನಿ, ಫುಲ್ ಫ್ರೇಮೇ ಬೇಕು ಅಂತ ಹಠ ಹಿಡಿದಿದಾನೆ, ಬಾಡಿ (ಲೆನ್ಸ್ ಬಿಟ್ಟು ಬರೀ ಕ್ಯಾಮೆರಾ) ಮಾತ್ರ ಹೊಸದು, ಲೆನ್ಸ್ ಹಳೇವೇ ಸಾಕಂತೆ, ಇಎಂಐಗೆ ಸಹಿ ಹಾಕ್ಲಾ ದೊಡ್ಡಪ್ಪ ಅಂತ ಕೇಳಿದೀಯ. ಹಾಕಬೇಡಮ್ಮ, ಈಗಲೇ ಹಾಕಬೇಡ. ಸ್ವಲ್ಪ ಉದ್ದ ಆಗುತ್ತೆ, ಪೂರ್ತಿ ಕೇಳು. ಪ್ರಣವನಿಗೂ ಕೇಳಿಸು.

ಸೆನ್ಸರ್ ಅಂದ್ರೆ ಕ್ಯಾಮೆರಾ ಒಳಗೆ ಬೆಳಕು ಹಿಡಿಯೋ ಚಿಪ್, ಅದರ ಅಳತೆ ನಿಮಗೆಲ್ಲಾ ಗೊತ್ತಿರೋದೇ. ಫುಲ್ ಫ್ರೇಮ್ ಅಂದ್ರೆ ಹಳೇ ರೀಲಿನ 36 ಮಿ.ಮೀ. ಅಗಲ, 24 ಮಿ.ಮೀ. ಎತ್ತರ. ಅವನ ಹತ್ರ ಇರೋದು ಡಿಎಕ್ಸ್, ನಿಕಾನಿನ ಚಿಕ್ಕ ಸೆನ್ಸರ್, ಫುಲ್ ಫ್ರೇಮಿನ ಅರ್ಧಕ್ಕಿಂತ ಕಮ್ಮಿ ಜಾಗ. ದೊಡ್ಡದಕ್ಕೆ ಬೆಲೆ ಇದೆ, ನಾನು ಇಲ್ಲ ಅನ್ನಲ್ಲ. ಆದ್ರೆ ಶ್ರೀಕಾಂತನ ಮಗಳ ಮದುವೆ ಆಲ್ಬಂ ನೋಡಿದೀರಲ್ಲ ಎಲ್ಲರೂ?

ನಮ್ಮ ಸ್ಟುಡಿಯೋದಲ್ಲಿ ಕೆಲಸಕ್ಕಿದ್ದ ಹುಡುಗ ಆಗ ತಾನೇ ಫುಲ್ ಫ್ರೇಮ್ ಮಿರರ್‌ಲೆಸ್ (ಒಳಗೆ ಕನ್ನಡಿ ಇಲ್ಲದ ಹೊಸ ಥರದ ಕ್ಯಾಮೆರಾ) ತಂದಿದ್ದ. ದುಡ್ಡೆಲ್ಲಾ ಬಾಡಿ ಕೊಳ್ಳೋದಕ್ಕೇ ಹೋಗಿತ್ತು, ಮುಂದೆ ಹಾಕಿದ್ದು ಹಳೇ ಡಿಎಕ್ಸ್ 18-55 ಮಿ.ಮೀ. ಲೆನ್ಸ್, ನಡುವೆ ಅದನ್ನ ಕೂರಿಸೋ ಅಡಾಪ್ಟರ್. ಡಿಎಕ್ಸ್ ಲೆನ್ಸ್ ಚಿಕ್ಕ ಸೆನ್ಸರಿಗೆ ಅಂತ ಮಾಡಿದ್ದು, ಅದು ಬೀಳಿಸೋ ಬೆಳಕಿನ ವೃತ್ತ ಚಿಕ್ಕದು, ದೊಡ್ಡ ಸೆನ್ಸರಿನ ಮೂಲೆ ಕಪ್ಪಾಗುತ್ತೆ. ಅದಕ್ಕೆ ಕ್ಯಾಮೆರಾ ತಾನಾಗೇ ಸೆನ್ಸರಿನ ನಡುಭಾಗ ಮಾತ್ರ ಬಳಸುತ್ತೆ. ಕನ್ನಡಿ ಇರೋ ಡಿಎಸ್‌ಎಲ್‌ಆರ್ ಆಗಿದ್ರೆ ವ್ಯೂಫೈಂಡರಲ್ಲಿ ಗೆರೆ ಕಾಣ್ತಿತ್ತು. ಮಿರರ್‌ಲೆಸ್‌ನಲ್ಲಿ ಚಿತ್ರ ಪರದೆ ತುಂಬಾ ಬರುತ್ತೆ, ಡಿಎಕ್ಸ್ ಅನ್ನೋ ಸಣ್ಣ ಗುರುತು ಮಾತ್ರ ಇರುತ್ತೆ. ವಾಲಗದ ಗಲಾಟೇಲಿ ಅದನ್ನ ಯಾರು ನೋಡ್ತಾರೆ? 24 ಮೆಗಾಪಿಕ್ಸೆಲ್ ಕ್ಯಾಮೆರಾ ದಿನಪೂರ್ತಿ 10 ಮೆಗಾಪಿಕ್ಸೆಲ್ ತೆಗೀತು. 3936 ಪಿಕ್ಸೆಲ್ ಅಗಲ, 2624 ಎತ್ತರ.

ಆಲ್ಬಂ 12×36 ಇಂಚು, ಅಂದ್ರೆ ಒಂದು ಬದಿ 12×18. 3936ನ್ನ 18 ಇಂಚಿಗೆ ಹಂಚಿದ್ರೆ ಇಂಚಿಗೆ 218 ಪಿಕ್ಸೆಲ್. ಲ್ಯಾಬಿನವರು 300 ಕೇಳ್ತಾರೆ, 218ರಲ್ಲೂ ನಡೀತಿತ್ತು. ಆದ್ರೆ ಧಾರೆ ಫೋಟೋದಲ್ಲಿ ಮುಂದೆ ಪೂರಾ ಮೊಬೈಲ್ ಎತ್ತಿದ ಕೈಗಳು. ಅಗಲದಲ್ಲಿ ಅರ್ಧ ಕತ್ತರಿಸಬೇಕಾಯ್ತು, 109ಕ್ಕೆ ಬಂತು. ತೆಂಗಿನಕಾಯಿ ಮೇಲೆ ಎರೆಯೋ ಹಾಲು ಎಳೆ ಎಳೆಯಾಗಿ ಕಾಣಬೇಕಲ್ವಾ, ಸುಣ್ಣ ಬಳಿದ ಹಾಗೆ ಬಂದಿದೆ. ಪ್ರಣವನ ಡಿ5600 ಕೊಡೋದು 6000×4000 ಪಿಕ್ಸೆಲ್. ಅದರಲ್ಲೇ ತೆಗೆದಿದ್ರೂ ಇದಕ್ಕಿಂತ ಚೆನ್ನಾಗಿರ್ತಿತ್ತು. ಅದಕ್ಕೇ ಹೇಳೋದು, ಬಾಡಿಗೂ ಮುಂಚೆ ಲೆನ್ಸ್ ನೋಡಿ.

ಈಗ ಅವನ ಲೆನ್ಸ್ ನೋಡು. 18-55, ಇನ್ನೊಂದು 70-300, ಎರಡೂ ನಿಕಾನಿನ ಎಎಫ್-ಪಿ ಅನ್ನೋ ಥರದ ಡಿಎಕ್ಸ್ ಲೆನ್ಸ್. ಝಡ್5ಗೆ ನಿಕಾನಿನ ಎಫ್‌ಟಿಝಡ್ ಅಡಾಪ್ಟರಲ್ಲಿ ಕೂರುತ್ತೆ, ಫೋಕಸ್ಸೂ ಆಗುತ್ತೆ. ಸಿಗೋದು ಅದೇ 10 ಮೆಗಾಪಿಕ್ಸೆಲ್. ಮಂಡಗದ್ದೆ ಪಕ್ಷಿಧಾಮಕ್ಕೆ ಹೋಗಿ ಕೊಕ್ಕರೆ ತೆಗೀತಾನಲ್ಲ, ಅಲ್ಲಿ ಡಿಎಕ್ಸ್ ಬಾಡಿ ಮೇಲೆ ಅವನ 300 ಮಿ.ಮೀ. ಫುಲ್ ಫ್ರೇಮಿನ 450ರಷ್ಟು ಹತ್ತಿರ ತರುತ್ತೆ, 24 ಮೆಗಾಪಿಕ್ಸೆಲ್ ಪೂರ್ತಿ ಇಟ್ಟುಕೊಂಡು. ಅದೇ ಹತ್ತಿರ ಫುಲ್ ಫ್ರೇಮಲ್ಲಿ ಬೇಕು ಅಂದ್ರೆ 200-500 ಮಿ.ಮೀ.ನಂಥ ಲೆನ್ಸ್ ಬೇಕು. ಅದೊಂದೇ 2.3 ಕೆಜಿ, ಮೇಲೆ ಅದರ ಬೆಲೆ ಬೇರೆ. ಹಳೇ ಲೆನ್ಸ್ ಇಟ್ಟುಕೊಂಡು ಬರೀ ಬಾಡಿ ಬದಲಾಯಿಸಬೇಡಪ್ಪ ಪ್ರಣವ, ಬಾಡಿಗೂ ಮುಂಚೆ ಲೆನ್ಸ್ ನೋಡು.

ಈ ಹಠ ಎಲ್ಲಿಂದ ಬರುತ್ತೆ ಅಂತಾನೂ ಗೊತ್ತು ನಂಗೆ. ಮದುವೆ ಬುಕ್ ಮಾಡಕ್ಕೆ ಬಂದೋರು ಕೂತ ತಕ್ಷಣ ಕೇಳೋದು ಫುಲ್ ಫ್ರೇಮ್ ಇದ್ಯಾ, ಡ್ರೋನ್ ಇದ್ಯಾ. ಹಿಂದಿನ ಆಲ್ಬಂ ಎದುರಿಗೇ ಇಟ್ಟಿದ್ರೂ ತೆರೆಯಲ್ಲ. ಛತ್ರದ ಎಲ್‌ಇಡಿ ದೀಪಕ್ಕೆ ಫೋಟೋದಲ್ಲಿ ಪಟ್ಟೆ ಬಿದ್ರೆ ಕ್ಯಾಮೆರಾ ಚಿಕ್ಕದು ಅಂತಾರೆ. ನಮ್ಮ ಕರೆಂಟು 50 ಹರ್ಟ್ಸ್, ಎಷ್ಟೋ ದೀಪ ಸೆಕೆಂಡಿಗೆ 100 ಸಲ ಮಿನುಗುತ್ತೆ. ಶಟರ್ ವೇಗ ಸೆಕೆಂಡಿನ 1/100ಕ್ಕೋ 1/50ಕ್ಕೋ ಇಳಿಸಿದ್ರೆ ಸಾಮಾನ್ಯವಾಗಿ ಪಟ್ಟೆ ಹೋಗುತ್ತೆ, ಸೆನ್ಸರ್ ಎಷ್ಟೇ ದೊಡ್ಡದಿದ್ರೂ ಇದನ್ನ ಮಾಡಲೇಬೇಕು. ಇಷ್ಟೆಲ್ಲಾ ಮಾಡಿ ಕೊಟ್ರೂ ಆಲ್ಬಮ್ಮಿಗೆ ಫೋಟೋ ಆರಿಸಿ ಕಳಿಸಕ್ಕೆ ತಿಂಗಳುಗಟ್ಟಲೆ ಮಾಡ್ತಾರೆ, ಅಲ್ಲೀವರೆಗೂ ಬಾಕಿ ದುಡ್ಡೂ ಇಲ್ಲ. ನಮ್ಮ ನೆಂಟರಲ್ಲೇ ಇದಾರೆ, ಹೆಸರು ಬೇಡ, ಈ ಗ್ರೂಪಲ್ಲೇ ಇದಾರೆ. ಬೇಜಾರಾಗುತ್ತೆ.

ಅಯ್ಯೋ, ಮುಖ್ಯವಾದ್ದೇ ಹೇಳ್ಲಿಲ್ಲ. ಪ್ರಣವ, ನಿನ್ನ ಹಳೇ ಫೋಟೋದಲ್ಲಿ ಚೆನ್ನಾಗಿ ಬಂದಿರೋ ಒಂದು 200 ಆರಿಸು. ಕಂಪ್ಯೂಟರಲ್ಲಿ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್, ಡೀಟೇಲ್ಸ್‌ಗೆ ಹೋಗು. ಫೋಕಲ್ ಲೆಂತ್ (ಲೆನ್ಸ್ ಎಷ್ಟು ಮಿ.ಮೀ.ನಲ್ಲಿತ್ತು ಅನ್ನೋದು), ಐಎಸ್‌ಒ (ಬೆಳಕು ಸಾಲದಾಗ ಏರಿಸೋ ಸಂಖ್ಯೆ, ಏರಿದಷ್ಟೂ ಫೋಟೋ ಕಾಳುಕಾಳಾಗುತ್ತೆ), ಇವೆರಡೇ ಬರ್ಕೋ. 35 ಮಿ.ಮೀ. ಫೋಕಲ್ ಲೆಂತ್ ಅಂತ ಇನ್ನೊಂದು ಸಾಲು ಇರುತ್ತೆ, ಅದನ್ನ ಬಿಡು. ಹೆಚ್ಚಿನವು 300ರಲ್ಲೇ ಇದ್ರೆ ಡಿಎಕ್ಸ್ ಬಿಡಬೇಡ. ಹೆಚ್ಚಿನವು ಛತ್ರದ ಒಳಗೆ ಐಎಸ್‌ಒ 6400 ಅಂತಿದ್ರೆ ಮೊದಲು ಡಿಎಕ್ಸ್ 35 ಮಿ.ಮೀ. ಎಫ್ 1.8 ತಗೋ. ಎಫ್ ಸಂಖ್ಯೆ ಕಮ್ಮಿ ಆದಷ್ಟೂ ಲೆನ್ಸ್ ಹೆಚ್ಚು ಬೆಳಕು ಬಿಡುತ್ತೆ, ಎಫ್ 4.5ರಲ್ಲಿ ಐಎಸ್‌ಒ 6400 ಬೇಕಾದ ಕಡೆ ಎಫ್ 1.8ರಲ್ಲಿ 1000 ಸಾಕು. ಫುಲ್ ಫ್ರೇಮಿಂದ ಸಿಗೋ ಲಾಭ ಸುಮಾರು ಒಂದು ಸ್ಟಾಪ್ (ಎರಡರಷ್ಟು ಬೆಳಕಿನ ವ್ಯತ್ಯಾಸ), ಅಂದ್ರೆ ಐಎಸ್‌ಒ 6400 ಈಗಿನ 3200ರ ಹಾಗೆ ಕಾಣುತ್ತೆ. ಆ ಲೆನ್ಸ್ ಹಾಕಿದ ಮೇಲೂ ಸಾಲದು ಅನ್ಸಿದ್ರೆ ಫುಲ್ ಫ್ರೇಮ್ ತಗೋ, ಆಗ ನಾನೇ ಜೊತೇಲಿ ಬರ್ತೀನಿ. ಬಾಡಿಯ ಬೆಲೆ ಎಷ್ಟೋ ಅಷ್ಟೇ ದುಡ್ಡು ಎಫ್‌ಎಕ್ಸ್ (ಫುಲ್ ಫ್ರೇಮಿನ) ಲೆನ್ಸಿಗೂ ಎತ್ತಿಡು. ದುಡ್ಡು ತಗೊಂಡು ಮದುವೆ ಮಾಡೋ ಯೋಚನೆ ಇದ್ರೆ ಮಾತ್ರ ಝಡ್5 ಪರವಾಗಿ ಒಂದು ಮಾತು: ಅದರಲ್ಲಿ ಎರಡು ಕಾರ್ಡ್ ಹಾಕಬಹುದು, ಡಿ5600ರಲ್ಲಿ ಒಂದೇ. ಎರಡು ಕಾರ್ಡಿಗೂ ಒಟ್ಟಿಗೇ ಬರೆಯೋ ಹಾಗೆ ಇಟ್ರೆ ಒಂದು ಕಾರ್ಡ್ ಕೆಟ್ರೂ ಮದುವೆ ಫೋಟೋ ಉಳಿಯುತ್ತೆ. ನನ್ನ ಕೇಳಿದ್ರೆ ಸೆನ್ಸರಿಗಿಂತ ಅದೇ ದೊಡ್ಡ ಕಾರಣ.

ಸುಜಾತಾ, ಆ 200 ಫೋಟೋದ ಲೆಕ್ಕ ಭಾನುವಾರದೊಳಗೆ ನಂಗೆ ಕಳಿಸಲಿ. ಇಎಂಐ ಕಾಗದ ಅಲ್ಲೀವರೆಗೆ ಮುಟ್ಟಬೇಡಿ.